ಮೊದಲ ಹನಿ ಹಿಟ್ಟು

ನವನಗರದ ಸೆಕ್ಟರ್ ತಿರುವಿನ್ಯಾಗ ದುಂಡವ್ವನ ಮಿರ್ಚಿ ಗಾಡಿ.
ಬಾಣಲಿಗೆ ಮೊದಲ ಹನಿ ಹಿಟ್ಟು ಬಿಟ್ಟು
'ತಗೋ, ನಿಂದು' ಅಂತಾಳ.
ಯಾರಿಗೆ? ದೇವರಿಗೊ, ಎಣ್ಣಿಗೊ?
'ಕಾದೈತೊ ಇಲ್ಲೊ ನೋಡಾಕೋ ತಮ್ಮಾ.
ದೇವರಿದ್ರ ಅವನೂ ನೋಡ್ಲಿ.'

ರಸೂಲಸಾಬ ಮಾಸ್ತರು ಜೋಕು ಹೇಳತಾರ,
ಹನ್ನೊಂದು ವರ್ಷದಿಂದ ಅದ ಒಂದು,
ಎಮ್ಮಿ ಮತ್ತ ತಲಾಠಿದು.
ಯಾರೂ ನಗೂದಿಲ್ಲ.
ಅವರೊಬ್ಬರ ನಗತಾರ, ಅವರ ಹೊಟ್ಟಿ ಕುಣಿಯೂದು ನೋಡಿ
ನಾವೆಲ್ಲ ಬಿದ್ದು ಬಿದ್ದು.
ಹಂಗಾರ ನಗಿ ಇರೂದೆಲ್ಲಿ,
ಎಮ್ಮಿ ಕಡೆ ಏನು, ಹೊಟ್ಟಿ ಕಡೆ ಏನು?

ನನಗ ನಾನ ಕಚಗುಳಿ ಇಟ್ಕೊಂಡ್ರ ನಗಿ ಬರೂದಿಲ್ಲ.
ನನಗ ನಾನ 'ಎಲ್ಲಾ ಚಲೋ ಆಗತೈತಿ' ಅಂದ್ರ
ನಂಬಿಕಿ ಬರತೈತೇನು?

ಹಳೇ ಊರಾಗಿನ ಮಿರ್ಚಿ ಭಾಳ ಖಾರ ಇತ್ತಂತ.
ಆ ಓಣಿ ಈಗ ಹಿನ್ನೀರಿನ ಬುಡಕ.
ಸಾಕ್ಷಿ ಹೇಳಾಕ ಮೀನಾ ಕರೀಬೇಕು,
ಮೀನಿಗೆ ಖಾರ ಅಂದ್ರ ಏನು ಗೊತ್ತು?

ಕಚ್ಚಿದೆ. ಕಣ್ಣಾಗ ನೀರು.
ಖಾರಕ್ಕ? ಎಮ್ಮಿಗೆ? ಮುಳುಗಿದ ಓಣಿಗೆ?
ಮಿರ್ಚಿ ಕಟ್ಟಿದ ಹಾಳಿಲೇ ಒರಸ್ಕೊಂಡೆ,
ಅದರಾಗ ಯಾವನೋ ಹುಡುಗನ ಗಣಿತದ ಪರೀಕ್ಷಿ,
ಕೆಂಪು ಶಾಯಿಲೆ: ಹತ್ತಕ್ಕ ಎರಡು.

ದುಂಡವ್ವಗ ಇನ್ನೊಂದು ಪ್ಲೇಟ್ ಹೇಳಿದೆ.