ಮೂಗಿನ ಕೂಲಿ

ಸರೀ ಪಾರ್ರಾದ ತೆಂಗಿನ ಸಾಲಿನಾಗ ನಿಲ್ಲತೈತಿ
ಅಂದ್ಲು ಎರ್ಮೆಲಿಂದಾ ಬಾಯಿ,
ಕಾಂದೋಳಿಯಿಂದ ಏಳು ಕಿಲೋಮೀಟರು, ಅಳದು ಕೊಟ್ಟಂಗ.
ಅರ್ಧ ತಾಸು ಬಿಟ್ರ ತಾನಾ ಏಳತೈತಿ,
ಏನೂ ಆಗದವರಂಗ.
ಮತ್ತ ಆ ವಾಸನಿ. ಇಗರ್ಜಿಗೆ ಹೋದ್ರ
ಮಗ್ಗಲ ಬಾಕಿನವರು ಸರದು ಕೂಡತಾರ.

ಎರಡ ಸೀಟಿನ ಕಾರು, ಮ್ಯಾಲ ಟಪ್ಪಿಲ್ಲ.
ಅಕಿ ಅಣ್ಣ ಮೊಂಬಾಸಾದಿಂದ ಹಡಗಿನ್ಯಾಗ ತಂದದ್ದು.
ಹಸರು ಹೋಗಿ ಒಣಗಿದ ಹಾಗಲಕಾಯಿ ಬಣ್ಣಕ್ಕ ಬಂದೈತಿ.

ಮೊದಲ ಬಾನೆಟ್ ತಗದೆ. ಎಲ್ಲಾರೂ ಅದನ್ನ ತಗೀತಾರ.
ಪ್ಲಗ್ಗು ಚಲೋ ಉರದಾವು.
ಕಾರ್ಬೊರೇಟರ್ ಎರಡೂ ಒಣಾ ಒಣಾ.
ಪಂಪು ಟಿಕ್ ಟಿಕ್ ಅಂತೈತಿ,
ಖಾಲಿ ಕೊಡಪಾನಕ್ಕ ಬಳಿ ಬಡದಂಗ.
ಶಾಖಕ್ಕ ಪೈಪಿನಾಗ ಎಣ್ಣಿ ಆವಿ ಆಗಿರಬೇಕು
ಅಂದು ಸುಲೇಮಾನ ಒದ್ದಿ ಅರಿವಿ ಸುತ್ತಿದ.
ಎರಡು ಸಲ ಹೋಗಿ ಬಂದ್ವಿ.
ಅದಾ ತೆಂಗು. ಅದಾ ಮೌನ.

ಆಗ ಮೂಗಿಗೆ ಕೆಲಸ ಕೊಟ್ಟೆ.

ಒಂದ ಕಾಲಕ್ಕ ನನ್ನ ಮೂಗಿಗೆ ಈ ಮಾಪ್ಸಾದಾಗ ಪಗಾರ ಇತ್ತು.
ರೋಣದಿಂದ ಬಂದಾಗ ಹದಿನಾಕು ನನಗ,
ಪಾನಾ ಹಿಡಿಯಾಕ ಬರ್ತಿದ್ದಿಲ್ಲ.
ಕಾಯ್ತಾನ್ ಮೇಸ್ತನ ಮೂಗು ನಲವತ್ತು ವರ್ಷದ ಪೆಟ್ರೋಲು ತಿಂದಿತ್ತು,
ಹುರದ ಬಾಂಗಡಿಗೂ ಸುಟ್ಟ ಕ್ಲಚ್ಚಿಗೂ ಅವಗ ಫರಕ ತಿಳೀತಿದ್ದಿಲ್ಲ.
"ಏ ಘಾಂಟಿ, ಮೂಸು. ಎಲ್ಲಿ ಹೇಳು."
ಘಾಂಟಿ ಅನ್ನೂದು ಬೈಗಳ ಅಂತ ತಿಳಿಯಾಕ
ಎರಡು ವರ್ಷ ಹಿಡೀತು.

ಸುಟ್ಟ ಎಣ್ಣಿ ಕಹಿ.
ತುಂಬಿ ಚೆಲ್ಲಿದ್ದು ಹಸಿ, ಕಣ್ಣಿಗೆ ಹತ್ತತೈತಿ.
ಇದು ಬ್ಯಾರೆ. ತೆಳು, ಸೀ,
ಟ್ರಂಕಿನ್ಯಾಗ ಮುಚ್ಚಿಟ್ಟ ಡಾಂಬರ ಗುಳಿಗಿ ಹಂಗ,
ಮತ್ತ ಹಿಂದಿಂದ ಬರಾಕತ್ತೈತಿ.

ನಾನಾ ಓಡಿಸಿಕೊಂಡು ಹೋದೆ.
ಪಾರ್ರಾದಾಗ ಕೆಮ್ಮಿ ನಿಂತ ಗಳಿಗ್ಯಾಗ
ಜಿಗದು, ಹಿಂದ ಓಡಿ,
ಟ್ಯಾಂಕಿನ ಮುಚ್ಚಳ ತಿರುವಿದೆ.

ಹುಸ್ಸ್.

ಹೊರಗ ಬಂದದ್ದಲ್ಲ ಅದು, ಒಳಗ ಹೋದದ್ದು.
ನೀರಾಗ ಮುಳುಗಿದಾಂವ ಮ್ಯಾಲೆದ್ದು ಎಳಕೊಂಡಂಗ.
ಕೀಲಿ ತಿರುವಿದೆ. ಎದ್ದು ಕುಂತಿತು ಕಾರು.

ಎಣ್ಣಿ ಹೋದಷ್ಟು ಜಾಗಾಕ್ಕ ಗಾಳಿ ಬರಬೇಕು.
ಬರದಿದ್ರ ಟ್ಯಾಂಕು ಹಿಡಕೊಂತೈತಿ,
ಪಂಪು ಜಗ್ಗಿ ಜಗ್ಗಿ ಸೋಲತೈತಿ.
ಬಿಸಲಿಗೆ ನಿಂತ್ರ ಅದಾ ಟ್ಯಾಂಕು ಉಬ್ಬಿ
ಮೀಟರಿನ ವಾಷರ ಸಂದಿಲೆ ನಾತ ಬಿಡತೈತಿ.
ಬ್ಯಾನಿ ಎರಡಲ್ಲ, ಒಂದಾ.

ಹಂಗಾರ ಗಾಳಿ ನಳಿಗಿ ಎಲ್ಲಿ?
ಗಾಲಿ ಹಿಂದ, ಕಣ್ಣಿಗೆ ಕಾಣದಲ್ಲಿ, ಬೆರಳಿಲೆ ಹುಡುಕಿದೆ.
ತುದಿಗೆ ಒಂದು ಸ್ಕ್ರೂ ಬಿಗದೈತಿ.
ಅದಕ್ಕ ಸೈಕಲ್ ಟ್ಯೂಬಿನ ರಬ್ಬರು,
ರಬ್ಬರಿನ ಮ್ಯಾಲ ಕೆಂಪು ಟೇಪು,
ಟೇಪಿನ ಮ್ಯಾಲ ದಾರ, ಮೂರು ಸುತ್ತು,
ಎಡಕ್ಕ ಗಂಟು.

ಎಡಗೈಯವ ಹಾಕೂ ಗಂಟು.
ನಂದಾ.

"ಎಲ್ಲಿಂದ ವಾಸನಿ?"
"ಈ ನಳಿಗಿಯಿಂದ, ಮೇಸ್ತ."
"ಮುಚ್ಚು ಹಂಗಾರ."
ಮುಚ್ಚಿದೆ. ವಾಸನಿ ನಿಂತಿತು.
ಐದು ರೂಪಾಯಿ ಇನಾಮು ಕೊಟ್ಟ, ಭಾಜಿ ಪಾವು ತಿಂದೆ,
ಉಳ್ಳಾಗಡ್ಡಿ ಜಾಸ್ತಿ ಹಾಕಿದ್ರು.
ಇಷ್ಟು ವರ್ಷ ಇದು ಹಳೇ ಮುಚ್ಚಳದ ಸಡ್ಲ ಸಂದಿಲೆ
ಕದ್ದು ಉಸಿರಾಡೈತಿ.
ಹೋದ ತಿಂಗಳ ಬಾಯಿ ಹೊಸಾ ಕೀಲಿ ಮುಚ್ಚಳ ಹಾಕ್ಸಿದ್ಲು,
ಕಳ್ಳರ ಅಂಜಿಕಿಗೆ.

"ಯಾರು ಮಾಡಿದ್ದು ಇದನ್ನ?"
"ಹಳೇ ಕೆಲಸ," ಅಂದೆ. ಸ್ಕ್ರೂ ಕಿಸೇಕ್ಕ ಇಳಿಸಿದೆ.

ಬಿಲ್ಲು ಬರದೆ:
ನಳಿಗಿ ಒಂದು, ವಾಷರ ಒಂದು,
ಕೂಲಿ
ಅಲ್ಲಿಗೆ ಪೆನ್ನು ನಿಂತಿತು, ಪಾರ್ರಾದಾಗ ನಿಂತಂಗ.

ಸಂಜಿಕ ಫೋನು ಬಂತು.
"ತೆಂಗಿನ ಸಾಲಿನಾಗ ನಿಂತೇನಿ."
ಎದಿ ಧಸಕ್ ಅಂತು.
"ಅದಲ್ಲೋ, ನಾನು. ಎಳನೀರು ಕುಡ್ಯಾಕ."
ಹಿಂದ ಇಂಜಿನ್ನು ಗುರುಗುಡತಿತ್ತು.
ಆರಿಸ್ರಿ ಬಾಯಿ, ಸುಮ್ಮನ ಎಣ್ಣಿ ಹಾಳು, ಅಂದೆ.
"ಅಷ್ಟು ಧೈರ್ಯ ಇನ್ನೂ ಬಂದಿಲ್ಲ," ಅಂದ್ಲು.