ಅರ್ಧ ಮಾತ್ರೆ

ಧೋಬಿ ತಲಾವಿನ ನಮ್ಮ ಹೋಟೆಲಿಗೆ
ದಿನಾ ನಾಲ್ಕಕ್ಕೆ ಬರುವ ಮುದುಕ, ಕಾಯ್ತಾನ್ ರೆಬೆಲೊ.
ಹೆಸರಿಗೆ ತಕ್ಕ ಹಾಗೆ ಕಾಯ್ತಾನೆ,
ಸಾಂಬಾರಿನಲ್ಲಿ ಇಡ್ಲಿ ನೆನೆಯುವ ತನಕ:
ಬಾಯಲ್ಲಿ ಹಲ್ಲಿಲ್ಲ.

ಒಮ್ಮೆ ಹೇಳಿದ:
ಆ ಸಿನಿಮಾ ಶುರುವಿನ ಸಂಗೀತ ಇದೆಯಲ್ಲ ಶೆಟ್ರೇ,
ನಲವತ್ತು ಪಿಟೀಲು, ಆಮೇಲೆ ಒಂದೇ ಒಂದು ಟ್ರಂಪೆಟ್ಟು,
ಅದು ನಾನು.
ರೆಕಾರ್ಡಿಂಗಿಗೆ ಫ್ಯಾನು ನಿಲ್ಲಿಸುತ್ತಿದ್ದರು.
ಬೆವರಿಗೆ ತುಟಿ ಜಾರಿತು,
ಸ್ವರ ಹತ್ತುವಾಗ ಅರ್ಧ ಮಾತ್ರೆ ತಡ.
ಇನ್ನೊಂದು ಟೇಕಿಗೆ ಹೊತ್ತಿರಲಿಲ್ಲ, ದುಡ್ಡೂ.

ನಾನು ನಂಬಲಿಲ್ಲ. ಗಲ್ಲಾದಲ್ಲಿ ಕೂತವನು
ಯಾರನ್ನೂ ಪೂರ್ತಿ ನಂಬಬಾರದು.

ಆದರೆ ಅಂದಿನಿಂದ ಕಿವಿ ಕೆಟ್ಟಿತು.
ಗಿರಗಾಂವಿನ ತಿರುವಿನಲ್ಲಿ ಮದುವೆ ಬ್ಯಾಂಡು
ಕುದುರೆಯ ಮುಂದೆ ಅದನ್ನೇ ಊದುತ್ತ ಬಂದು
ಅಲ್ಲೇ ತಡವರಿಸುತ್ತದೆ.
ಹಿಂದಕ್ಕೆ ಸರಿಯುವ ಟೆಂಪೋ, ಅದೇ ರಾಗದಲ್ಲಿ ಕಿರುಚುತ್ತ,
ಅಲ್ಲೇ ಒಂದು ಉಸಿರು ನುಂಗುತ್ತದೆ.
ಚೌಪಾಟಿಗೆ ಗಣಪತಿ ಒಯ್ಯುವ ಬೆಂಜೋದವರು,
ಹಲ್ಲಿನ ಡಾಕ್ಟರರ ಲಿಫ್ಟು, ಯಾರದೋ ಜೇಬಿನ ಮೊಬೈಲು
ಎಲ್ಲರಿಗೂ ಅಲ್ಲೇ ತುಟಿ ಜಾರುತ್ತದೆ.

ನಿನ್ನೆ ಮಾಳಿಗೆ ಮೇಲಿನ ಕ್ಲಾಸಿನಲ್ಲಿ
ಕೀಬೋರ್ಡು ಕಲಿಯುವ ಹುಡುಗಿಯೊಬ್ಬಳು
ತಾಳಕ್ಕೆ ಸರಿಯಾಗಿ ಬಾರಿಸಿಬಿಟ್ಟಳು.
‘ತಪ್ಪು’ ಎಂದರು ಮೇಷ್ಟ್ರು, ‘ಅಲ್ಲಿ ಕಾಯಬೇಕು.
ಮತ್ತೆ ಮೊದಲಿಂದ.’

ಕೆಳಗೆ ರೆಬೆಲೊ
ಎತ್ತಿದ ಚಮಚ ಹಾಗೇ ಹಿಡಿದಿದ್ದ.
ಸಾಂಬಾರು ಅಂಗಿಯ ಮೇಲೆ ಸೋರುತ್ತಿತ್ತು.

ಆಮೇಲೆ ಬಂದು ಚಿಲ್ಲರೆ ಸುರಿದ.
ಎಣಿಸಿದೆ: ಎರಡು ರೂಪಾಯಿ ಕಡಿಮೆ.
ಇನ್ನೊಮ್ಮೆ ಎಣಿಸಿ
ಗಲ್ಲಾಕ್ಕೆ ಹಾಕಿಕೊಂಡೆ.