ಕೊಕ್ಕರೆಯ ಕಾಲು

ಬುಧವಾರ. ಯಂಗ್ಸ್‌ಟೌನಿನಲ್ಲಿ ಹೊಸ ಸಂಚಿಕೆ ಬಂದಿಳಿಯುವ ದಿನ.
ಪೆಟ್ಟಿಗೆಯ ಟೇಪು ನಾನಿನ್ನೂ ಸೀಳಿಲ್ಲ,
ಡೆಲ್ಬರ್ಟ್ ಬಾಗಿಲಲ್ಲಿ, ಹೆಗಲ ಹಿಮವನ್ನೂ ಕೊಡವದೆ:
"ಕೊಕ್ಕರೆಯ ಕಾಲು ಸರಿಮಾಡಿಬಿಟ್ಟರಂತೆ, ನಿಜವೆ?"

ನಿಜ. ಹನ್ನೊಂದನೇ ಪುಟ.
ಉಕ್ಕಿನ ಕಾರ್ಖಾನೆಯ ಕ್ರೇನಿನಿಂದ ಬಿದ್ದು
ಮೂವತ್ತು ವರ್ಷ ಕುಂಟುತ್ತಲೇ ಊರು ಕಾದವಳು
ಈಗ ನೆಟ್ಟಗೆ ನಿಂತಿದ್ದಾಳೆ,
ಹೊಸ ಕತೆಗಾರ ಕರುಣಿಸಿದ ಮೊಣಕಾಲಿನ ಮೇಲೆ.

"ಕುಂಟು ಹೋದರೆ ಉಳಿಯುವುದೇನು? ಬರೀ ಮುಖವಾಡ!"
ಡೆಲ್ಬರ್ಟ್ ಗಲ್ಲಾದ ಮೇಲೆ ಗುದ್ದಿದ. ಚಿಲ್ಲರೆ ಕುಣಿಯಿತು.
"ಖಳ ಚೆನ್ನಾಗಿದ್ದಾನಲ್ಲ," ಅಂದ ಮಿರೋ. ಯಾರೂ ಕೇಳಲಿಲ್ಲ.

ಇಮೋಜೀನ್, ಮೊನ್ನೆಮೊನ್ನೆಯವರೆಗೆ ಶಾಲಾ ಬಸ್ಸು ಓಡಿಸಿದವಳು,
ಊರುಗೋಲನ್ನು ಹಳೆಯ ಸಂಚಿಕೆಗಳ ರಾಶಿಗೆ ಒರಗಿಸಿ
ಕಡ್ಡಿ ಮುರಿದಂತೆ ಹೇಳಿದಳು:
"ನಿನ್ನವೆರಡೂ ಗಟ್ಟಿ ಇವೆ. ಅವಳು ಕುಂಟುತ್ತಲೇ ಇರಲೆಂದು
ನಿನಗೇಕೆ ಅಷ್ಟು ಆಸೆ?"

ಹೀಟರಿನ ಗೊರಗೊರ ಮಾತ್ರ, ಸ್ವಲ್ಪ ಹೊತ್ತು.

ಆಮೇಲೆ ಅವಳೇ ಪುಟ ಮಗುಚುತ್ತ ಹೋದವಳು ತಡೆದಳು.
ಹತ್ತೊಂಬತ್ತು: ಮೂಲೆಯ ಸಣ್ಣ ಚೌಕದಲ್ಲಿ
ಕೊಕ್ಕರೆ ಮೆಟ್ಟಿಲು ಇಳಿಯುತ್ತಾಳೆ,
ಎಡಗೈ ತಾನಾಗಿ ಕಂಬಿ ಹುಡುಕುತ್ತದೆ.

ಚಿತ್ರಗಾರ ಮರೆತನೋ,
ಕೈ ಮರೆಯಲಿಲ್ಲವೋ?

ಡೆಲ್ಬರ್ಟ್ "ತಪ್ಪು" ಅಂದ. ಅವಳು "ನಿನಗೇನು ಗೊತ್ತು" ಅಂದಳು.
ಆರಕ್ಕೆ ದೀಪ ಆರಿಸಿದೆ. ಹೊರಗೆ
ಅವಳ ಚೀಲ ಅವನ ಕೈಯಲ್ಲಿ,
ಜಗಳ ಇನ್ನೂ ಹತ್ತೊಂಬತ್ತನೇ ಪುಟದಲ್ಲಿ.
ಹಿಮ ಕಟ್ಟಿದ ನಾಲ್ಕು ಮೆಟ್ಟಿಲು ಇಳಿಯಲು
ಇಬ್ಬರಿಗೂ ಬಹಳ ಹೊತ್ತು ಹಿಡಿಯಿತು.